ವಿಷ ಹಿಂಡಿ ರೊಟ್ಟಿ ಮಾಡಿದವರು

ಇವತ್ತು ನಾವೀಗಿರುವ ಸ್ಟಾಫರ್ಡ್ ಊರಿನ ಅಂಗಡಿಯಲ್ಲಿ ಮರಗೆಣಸು ಕೈಗೆತ್ತಿಕೊಂಡೆ. ಆ ಹಸಿಮಣ್ಣಿನ ವಾಸನೆಗೆ ಮತ್ತೆ ಏಳು ವರ್ಷದವಳಾದೆ.

ಅಪ್ಪ ಆಗ ಹೊಂಡುರಾಸಿನ ಕೆರಿಬಿಯನ್ ಕರಾವಳಿಯಲ್ಲಿ ಬಂದರು ಎಂಜಿನಿಯರ್. ನಮ್ಮ ಮನೆಯಾಚೆ, ತೆಂಗಿನ ಸಾಲಿನ ಕೆಳಗೆ, ಆಫ್ರಿಕಾ ಮೂಲದ ಗರಿಫುನಾ ಜನರ ಹಳ್ಳಿ. ಹೆಂಗಸರೆಲ್ಲ ಒಟ್ಟಿಗೆ ಹಾಡುತ್ತಾ, ಕಲ್ಲಿನ ಚೂರು ಕೂರಿಸಿದ ಹಲಗೆಯ ಮೇಲೆ ಕಹಿ ಮರಗೆಣಸು ತುರಿಯುತ್ತಿದ್ದರು. ಆ ತುರಿಯನ್ನು ಹೆಬ್ಬಾವಿನಷ್ಟು ಉದ್ದದ ಹೆಣೆದ ಚೀಲಕ್ಕೆ ತುಂಬಿ, ಮರಕ್ಕೆ ನೇತುಹಾಕಿ, ಚೀಲದ ತಳಕ್ಕೆ ತೂರಿಸಿದ ಕೋಲಿನ ಮೇಲೆ ಇಬ್ಬರು ಕೂತು ಜಗ್ಗುತ್ತಿದ್ದರು. ಬಿಳಿ ರಸ ಬಟ್ಟಲಿಗೆ ಸುರಿಯುತ್ತಿತ್ತು.

ಕಾಯಿಹಾಲೆಂದುಕೊಂಡು ನಾನು ಅದರಲ್ಲಿ ಬೆರಳದ್ದಿದೆ. ಅವರಲ್ಲಿ ಹಿರಿಯಳಾದ ಅಜ್ಜಿ ನನ್ನ ಕೈಗೆ ಫಟ್ಟನೆ ಹೊಡೆದು, ಬೆರಳು ತೊಳೆದು, ತನ್ನ ಕತ್ತು ಹಿಡಿದು ಕಣ್ಣು ಮುಚ್ಚಿ ತೋರಿಸಿದಳು. ಕುಡಿದರೆ ಸಾವು!

"ಅಯ್ಯೋ, ವಿಷ ಐತಿ! ಏನೂ ಮುಟ್ಟಬ್ಯಾಡ, ನಡಿ ಮನಿಗೆ," ಎಂದು ಜೊತೆಗಿದ್ದ ಧಾರವಾಡದ ನನ್ನಮ್ಮ ನನ್ನನ್ನು ಎಳೆದಳು.

ಅಜ್ಜಿ ಅವಳನ್ನು ತಡೆದು ನಿಲ್ಲಿಸಿದಳು. ಹಿಂಡಿದ ಹಿಟ್ಟನ್ನು ಜರಡಿ ಹಿಡಿದು ಕಾದ ಹಂಚಿನ ಮೇಲೆ ಹರಡಿದಳು. ಗಾಡಿಯ ಚಕ್ರದಷ್ಟು ಅಗಲದ ಬಿಳಿ ರೊಟ್ಟಿ ಎದ್ದಿತು. ಮೊದಲ ತುಂಡನ್ನು ತಾನೇ ತಿಂದು, ಎರಡನೆಯದನ್ನು ಅಮ್ಮನತ್ತ ಚಾಚಿದಳು. ಅಮ್ಮ ನನ್ನ ಕೈ ಬಿಡದೆಯೇ ಕಚ್ಚಿದಳು. ಮುಖ ಅರಳಿತು.

"ಅಯ್ಯ, ಥೇಟ್ ನಮ್ಮ ಕಟಕ ರೊಟ್ಟಿ ಇದ್ದಂಗ ಐತ್ರೀ!" ಎಂದಳು, ಅಜ್ಜಿಗೆ ಕನ್ನಡ ಬಾರದೆಂಬುದನ್ನೂ ಮರೆತು. ಅಜ್ಜಿ ತಲೆಯಾಡಿಸಿ ನಕ್ಕಳು.

ಅಂಗಡಿಯಲ್ಲೇ ಮಗಳಿಗೆ ಇದನ್ನೆಲ್ಲ ಹೇಳಿದೆ. "ಬಟ್ ಅಮ್ಮ, ಹೂ ಫಿಗರ್ಡ್ ಇಟ್ ಔಟ್ ಫಸ್ಟ್?" ಎಂದು ಕೇಳಿದಳು.

ವಿಷ ಹಿಂಡಿ ತೆಗೆದರೆ ತಿನ್ನಬಹುದೆಂದು ಮೊದಲು ಕಂಡುಕೊಂಡವರು ಯಾರೋ, ಎಷ್ಟು ಹಸಿದಿದ್ದರೋ. ಕೈಯಲ್ಲಿದ್ದ ಮರಗೆಣಸನ್ನು ಬುಟ್ಟಿಗೆ ಹಾಕಿಕೊಂಡೆ.