ಹೊಗೆಗೆ ಪರವಾನಗಿ ಕೇಳಲು ಹೋದದ್ದು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಆ ಬೇಸಿಗೆಯಲ್ಲಿ ಮಾತ್ರ ಅದು ಎಲ್ಲಿ ಅಡಗಿ ಕೂತಿತ್ತೋ. ಜನರಲ್ ಮ್ಯಾನೇಜರ್ ಕರೆದು, ವಿಜಯವಾಡದ ವಿಚಾರಣೆಗೆ ನೀವೂ ಬರಬೇಕು ಎಂದಾಗ ಸುಮ್ಮನೆ ತಲೆಯಾಡಿಸಿ ಬಂದುಬಿಟ್ಟೆ.

ನಾನಿದ್ದದ್ದು ವಿಶಾಖಪಟ್ಟಣದ ಅಂಚಿನ ಒಂದು ಲೋಹದ ಕಾರ್ಖಾನೆಯಲ್ಲಿ, ಪರಿಸರ ವಿಭಾಗದ ಎಂಜಿನಿಯರ್ ಆಗಿ. ಕುಲುಮೆಯ ಹೊಗೆ ಚಿಮಣಿಗೆ ಹೋಗುವ ಮೊದಲು ಸಾಲು ಸಾಲು ಬಟ್ಟೆಯ ಚೀಲಗಳ ಮೂಲಕ ಸೋಸಿ ಹೋಗಬೇಕು, ಧೂಳು ಅಲ್ಲೇ ನಿಲ್ಲಬೇಕು. ಯುಗಾದಿ ಕಳೆದ ವಾರ ಆ ಚೀಲಗಳಿಗೆ ಕಿಡಿ ತಗುಲಿ ಅರ್ಧಕ್ಕರ್ಧ ಸುಟ್ಟುಹೋದವು. ಹೊಸವು ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಚಿಮಣಿಯಿಂದ ಮಿತಿಗಿಂತ ಹೆಚ್ಚು ಧೂಳು ಹೋಗುವುದಕ್ಕೆ ತಾತ್ಕಾಲಿಕ ರಿಯಾಯಿತಿ ಕೊಡಿ ಎಂದು ವಿಜಯವಾಡದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಹಾಕಿದೆವು. ತೀರ್ಮಾನ ಬರುವವರೆಗೆ ಕುಲುಮೆ ಉರಿಯುತ್ತಲೇ ಇತ್ತು. ಅರ್ಜಿ ಬರೆದವಳು ನಾನೇ. ಧೂಳು ತಡೆಯಲು ಸಂಬಳ ಎಣಿಸುವವಳೇ ಧೂಳಿಗೆ ದಾರಿ ಬಿಡಿ ಎಂದು ಬರೆದದ್ದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ರಿಯಾಯಿತಿ ಸಿಗದಿದ್ದರೆ ಕುಲುಮೆ ಆರಿಸಬೇಕು. ಆರಿ ತಣ್ಣಗಾದರೆ ಒಳಗೋಡೆ ಬಿರುಕು ಬಿಡುತ್ತದೆ, ಗುತ್ತಿಗೆಯ ಕೆಲಸಗಾರರು ಮನೆಗೆ ಹೋಗುತ್ತಾರೆ. ಸಿಕ್ಕರೆ ಆ ಧೂಳು ಎಲ್ಲಿಗೋ ಹೋಗಲೇಬೇಕು. ನಮ್ಮ ಕಾಲೊನಿ ಕಾರ್ಖಾನೆಗೂ ಕಡಲಿಗೂ ನಡುವೆ ಇತ್ತು. ನಮ್ಮ ಮನೆಯಲ್ಲಿ ನನ್ನ ಅತ್ತೆಗೆ ಉಬ್ಬಸ. ನನ್ನ ಗಂಡ ಹಡಗಿನ ಕೆಲಸದವರು, ವರ್ಷದ ಬಹುಪಾಲು ನೀರಿನ ಮೇಲೆ, ಮನೆಯಲ್ಲಿದ್ದದ್ದು ನಾವಿಬ್ಬರೇ. ರಾತ್ರಿ ಅತ್ತೆಯ ಎದೆ ಸುಂಯ್ ಎನ್ನುವುದು ಪಕ್ಕದ ಕೋಣೆಗೆ ಕೇಳುತ್ತಿತ್ತು. ಆದರೂ ನಾನು ಧೈರ್ಯವಾಗಿದ್ದೆ, ಏಕೆಂದರೆ ಹೊರಗಿನ ಏಜೆನ್ಸಿಯವರು ಕಾಲೊನಿಯ ಕ್ಲಬ್ಬಿನ ಮೇಲೆ ಯಂತ್ರ ಇಟ್ಟು ಅಳೆದ ವರದಿ ಬಂದಿತ್ತು. ಗಾಳಿ ಕಡಲಿನಿಂದ ಬರುತ್ತದೆ, ಧೂಳು ಕಾಲೊನಿಯ ಕಡೆ ಬರುವುದಿಲ್ಲ ಎಂದು ಅದರಲ್ಲಿತ್ತು.

ಹೊರಡುವ ಮುನ್ನ ದ್ವಾರಕಾ ನಗರದ ಅಂಗಡಿಯಿಂದ ಸ್ವೀಟಿನ ಡಬ್ಬಿ ತಂದಿದ್ದೆ. ವಿಜಯವಾಡದಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿಯುವುದೆಂದು ನಿಶ್ಚಯವಾಗಿತ್ತು. ಅತ್ತೆ ಡಬ್ಬಿ ನೋಡಿ ಮೂಗು ಮುರಿದರು.

"ಅಂಗಡಿ ಸಿಹಿ ಯಾರಿಗೆ ಬೇಕವ್ವ? ಈ ವಾರ ಹಾಕಿದ ಸಂಡಿಗಿ ಐತಿ, ಒಯ್ಯಿ. ನಮ್ಮ ಹೊಸಪ್ಯಾಟಿ ಸಂಡಿಗಿ ಆಕಿಗೆ ಈ ಊರಾಗ ಎಲ್ಲಿ ಸಿಗಬೇಕು!"

ಅತ್ತೆ ಸಂಡಿಗೆ ಹಾಕುವುದೆಂದರೆ ಒಂದು ವ್ರತ. ಬೆಳ್ಳಿ ಮೂಡುವಾಗ ಎದ್ದು ಹಿಟ್ಟು ಕಾಯಿಸಿ, ಬಿಸಿಲೇರುವ ಮೊದಲೇ ಟೆರೇಸಿನ ಮೇಲೆ ಮಾವನವರ ಹಳೇ ಬಿಳಿ ಪಂಚೆ ಹಾಸಿ ಒತ್ತಿ ಮುಗಿಸಬೇಕು. ತಡವಾದರೆ ಹಿಟ್ಟು ಒತ್ತುವ ಒರಳಿನಲ್ಲೇ ಬಿಗಿಯುತ್ತದೆ. ಉಬ್ಬಸದವರಿಗೆ ಮಹಡಿ ಹತ್ತುವುದು ಬೇಡ ಎಂದರೆ ಕೇಳಿದವರಲ್ಲ. ನಾನೂ ಹೆಚ್ಚು ಬಯ್ಯಲಿಲ್ಲ. ಸ್ಟೀಲಿನ ಡಬ್ಬಿ ತುಂಬಿಸಿಕೊಂಡು ರೈಲು ಹತ್ತಿದೆ.

ಗವರ್ನರ್‌ಪೇಟೆಯಲ್ಲಿ ಬಟ್ಟೆಯ ಸಗಟು ಅಂಗಡಿಯೊಂದರ ಮೇಲಿನ ಮಹಡಿ ಚಿಕ್ಕಮ್ಮನ ಮನೆ. ಚಿಕ್ಕಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು ಅಲ್ಲೇ ಉಳಿದಿದ್ದರು. ಸಂಜೆ ಹೋದ ಕೂಡಲೇ ಚಿಕ್ಕಮ್ಮ ಎಣ್ಣೆ ಕಾಯಿಸಿದಳು. ಒಂದು ಸಂಡಿಗೆ ಬಾಣಲೆಗೆ ಬಿಟ್ಟು, ಅರಳಿದ್ದನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ತಾನೇ ಬಾಯಿಗೆ ಹಾಕಿಕೊಂಡಳು.

"ಅಯ್ಯೋ, ಎಷ್ಟು ಬಾಗುಂದೆ, ಎಷ್ಟು ಚಲೋ ಐತಿ! ನಿಮ್ಮತ್ತಿ ಕರಿ ಎಳ್ಳು ಹಾಕ್ಯಾರೇನು?"

ಅತ್ತೆ ಸಂಡಿಗೆಗೆ ಎಳ್ಳು ಹಾಕಿದವರಲ್ಲ. ನನ್ನ ಹಲ್ಲಿಗೆ ಕರಕ್ ಎಂದು ಏನೋ ಸಿಕ್ಕಿತು. ಕರಿಯದ ಸಂಡಿಗೆಯೊಂದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದೆ. ಕೆಳಮೈ ಬೆಳ್ಳಗಿತ್ತು. ಮೇಲ್ಮೈಯಲ್ಲಿ ಸಣ್ಣ ಕಪ್ಪು ಕಣಗಳು, ಹಿಟ್ಟಿನೊಳಗೇ ಹುದುಗಿಕೊಂಡಿದ್ದವು, ಒಂದಿಷ್ಟು ಮಿನುಗುತ್ತಿದ್ದವು. ಆ ಮಿನುಗು ನನಗೆ ಚೆನ್ನಾಗಿ ಗೊತ್ತು. ದಿನಾ ಸಂಜೆ ಕಾರ್ಖಾನೆಯಿಂದ ಬಂದು ಅದನ್ನೇ ಕೈಯಿಂದ ತೊಳೆದುಕೊಳ್ಳುತ್ತಿದ್ದೆ.

ಚಿಕ್ಕಮ್ಮನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪುಟ್ಟ ಅಯಸ್ಕಾಂತದ ಬೊಂಬೆ ಕಿತ್ತುಕೊಂಡೆ. ಸಂಡಿಗೆ ಕುಟ್ಟಿ ಪುಡಿ ಮಾಡಿ, ಕಾಗದದ ಮೇಲೆ ಹರವಿ, ಬೊಂಬೆಯನ್ನು ಮೇಲೆ ಆಡಿಸಿದೆ. ಬೊಂಬೆಯ ಬೆನ್ನಿಗೆ ಕಪ್ಪು ಮೀಸೆಯಂತೆ ಕಬ್ಬಿಣದ ಧೂಳು ನಿಂತಿತು.

"ಏನಾತೇ? ದೆವ್ವ ನೋಡಿದೋರ ಹಂಗ ನಿಂತಿ?"

"ಒಲಿ ಆರಿಸು ಚಿಕ್ಕಮ್ಮ. ಇದನ್ನ ಯಾರೂ ತಿನ್ನಬ್ಯಾಡ್ರಿ."

ಹಸಿ ಸಂಡಿಗೆಗೆ ಧೂಳು ಅಂಟುತ್ತದೆ, ಮೇಲೆ ಸಿಪ್ಪೆ ಕಟ್ಟಿದ ಮೇಲೆ ಅಂಟುವುದಿಲ್ಲ. ಅಂದರೆ ಇದು ಬಿದ್ದದ್ದು ಬೆಳಗಿನ ಜಾವದಲ್ಲಿ. ಆಗ ಹೊಳೆಯಿತು. ಕಡಲ ಗಾಳಿ ಬರುವುದು ಬಿಸಿಲೇರಿದ ಮೇಲೆ. ರಾತ್ರಿಯಿಂದ ಬೆಳಗಿನವರೆಗೆ ಗಾಳಿ ನೆಲದಿಂದ ಕಡಲಿಗೆ, ಅಂದರೆ ಕಾರ್ಖಾನೆಯಿಂದ ನಮ್ಮ ಕಾಲೊನಿಯ ಮೇಲೆ. ಏಜೆನ್ಸಿಯವರು ಯಂತ್ರ ಚಾಲೂ ಮಾಡುತ್ತಿದ್ದದ್ದು ಆಫೀಸು ತೆರೆದ ಮೇಲೆ. ವರದಿ ಸುಳ್ಳಲ್ಲ, ಅರ್ಧ ದಿನದ್ದು.

ಅತ್ತೆಗೆ ಫೋನು ಮಾಡಿದೆ. ಅವರು ನನಗೆ ಮಾತಾಡಲು ಬಿಡದೆ, "ಸಂಡಿಗಿ ಹೆಂಗದಾವು? ಆಕಿ ಏನಂದ್ಲು?" ಎಂದರು. ಒಂದೊಂದು ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತಿದ್ದರು. ಚೆನ್ನಾಗಿವೆ ಎಂದೆ. ನಾಳೆ ಬೆಳಿಗ್ಗೆ ಮಹಡಿ ಹತ್ತಬೇಡಿ, ಕಿಟಕಿ ತೆರೆಯಬೇಡಿ ಎಂದೆ. ಯಾಕೆಂದು ಕೇಳಿದರು. ಬಂದು ಹೇಳ್ತೀನಿ ಎಂದು ಇಟ್ಟುಬಿಟ್ಟೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ, ಅವರ ಹಟ, ನನ್ನ ಅರ್ಜಿ ಎಲ್ಲವನ್ನೂ ಸೇರಿಸಿ ಬಯ್ದುಕೊಂಡೆ. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ.

ಬೆಳಿಗ್ಗೆ ಆಟೊ ಗವರ್ನರ್‌ಪೇಟೆಯ ಗದ್ದಲದಲ್ಲಿ ಸಿಕ್ಕಿಕೊಂಡಾಗ, ತಡವಾಗಿಯೇ ಹೋಗಲಿ ಎಂದು ಮನಸ್ಸು ಬಯಸಿತು. ಮಂಡಳಿಯ ಕಚೇರಿಯ ಮೆಟ್ಟಿಲ ಬಳಿ ಜನರಲ್ ಮ್ಯಾನೇಜರ್ ಕಾಯುತ್ತಿದ್ದರು. ಅವರನ್ನು ಬದಿಗೆ ಕರೆದು ಎಲ್ಲವನ್ನೂ ಹೇಳಿದೆ. ಕೇಳಿ ಅವರ ಮುಖ ಸಣ್ಣದಾಯಿತು.

"ಇವತ್ತು ಬೇಡಮ್ಮಾ," ಎಂದರು ತೆಲುಗಿನಲ್ಲಿ. "ಮೊದಲು ಆರ್ಡರ್ ಆಗಲಿ. ಆಮೇಲೆ ನಾವೇ ಸರಿ ಮಾಡಿಕೊಳ್ಳೋಣ. ಗುತ್ತಿಗೆ ಹುಡುಗರ ಹೊಟ್ಟೆ ನೋಡಿ."

ಕೆಟ್ಟ ಮನುಷ್ಯನಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಡಬ್ಬಿಯಿದ್ದ ಚೀಲ ಹೆಗಲಿಗೇರಿಸಿ ಅವರ ಹಿಂದೆ ಮೆಟ್ಟಿಲು ಹತ್ತಿದೆ.

ಒಳಗೆ ಉದ್ದನೆಯ ಮೇಜು, ಆಚೆ ಕಡೆ ಸಮಿತಿಯವರು. ನಡುವೆ ಕೂತ ಹಿರಿಯ ಅಧಿಕಾರಿ ನಮ್ಮ ಅರ್ಜಿಯನ್ನು ನಿಧಾನವಾಗಿ ಓದಿಕೊಂಡು ಬಂದರು. ಕಾಲೊನಿಯ ಮಾತು ಬಂದಲ್ಲಿ ಬೆರಳು ನಿಲ್ಲಿಸಿದರು.

"ಜನ ವಾಸ ಮಾಡುವ ಕಡೆ ಧೂಳು ಬರುವುದಿಲ್ಲ ಅಂತೀರಿ?"

"ಇಲ್ಲ ಸರ್. ವರದಿ ಇದೆ," ಎಂದರು ಜನರಲ್ ಮ್ಯಾನೇಜರ್.

ಅಧಿಕಾರಿ ನನ್ನ ಕಡೆ ತಿರುಗಿದರು. "ಮೇಡಂ, ಮೀರು ಚೆಪ್ಪಂಡಿ, ನೀವು ಹೇಳಿ. ಅಲ್ಲೇ ಇರೋರು ನೀವು."

ಹೌದು ಎಂದರೂ ಯಾರಿಗೋ ಪೆಟ್ಟು, ಇಲ್ಲ ಎಂದರೂ ಯಾರಿಗೋ ಪೆಟ್ಟು. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಎನ್ನುವುದನ್ನು ಕೇಳಿದ್ದೆ, ಆವತ್ತು ನಾನೇ ಆ ಅಡಕೆ ಆಗಿದ್ದೆ. ಫೋನಿನಲ್ಲಿ ಕೇಳಿದ ಆ ಉಸಿರು ಕಿವಿಯಿಂದ ಹೋಗಿರಲಿಲ್ಲ.

"ಬೆಳಗಿನ ಹೊತ್ತು ಬರುತ್ತದೆ ಸರ್," ಎಂದೆ.

ಪಕ್ಕದಲ್ಲಿ ಜನರಲ್ ಮ್ಯಾನೇಜರ್ ಪೆನ್ನು ಕೆಳಗಿಟ್ಟ ಸದ್ದು ಕೇಳಿತು. ವರದಿಯಲ್ಲಿ ಇದು ಇಲ್ಲವಲ್ಲ, ನಿಮಗೆ ಹೇಗೆ ಗೊತ್ತು ಎಂದು ಅಧಿಕಾರಿ ಕೇಳಿದರು. ನಾನು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಬಾಗಿಲಲ್ಲಿದ್ದ ಅಟೆಂಡರ್ ತಿಂಡಿ ಬಂತೆಂದುಕೊಂಡು ತಟ್ಟೆ ಹುಡುಕಲು ಹೊರಟ. ನಗು ಬರಬೇಕಾದ ಹೊತ್ತು, ಯಾರೂ ನಗಲಿಲ್ಲ. ಕುಟ್ಟಿದ ಪುಡಿಯ ಪೊಟ್ಟಣ ಬಿಚ್ಚಿ, ಚಿಕ್ಕಮ್ಮನ ಬೊಂಬೆಯನ್ನು ಅಧಿಕಾರಿಯ ಕೈಗೇ ಕೊಟ್ಟೆ. ಅವರು ಆಡಿಸಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

"ಇದು ನಮ್ಮ ಮನೆ ಟೆರೇಸಿನದು ಸರ್. ಕೆಳಗೆ ಮಲಗುವ ನನ್ನ ಅತ್ತೆಗೆ ಉಬ್ಬಸ."

ಇದು ಪರೀಕ್ಷೆ ಎನಿಸಿಕೊಳ್ಳುವುದಿಲ್ಲ ಎಂದು ಸಮಿತಿಯ ಇನ್ನೊಬ್ಬರು ಹೇಳಿದರು. ನಿಜವೇ. ಆದರೆ ಡಬ್ಬಿ ಮೇಜಿನ ಮೇಲಿತ್ತು, ಎಲ್ಲರ ಕಣ್ಣೂ ಅದರ ಮೇಲೆಯೇ ಇತ್ತು.

ರಿಯಾಯಿತಿ ಸಿಕ್ಕಿತು. ಕೇಳಿದ್ದಕ್ಕಿಂತ ಕಡಿಮೆ ಅವಧಿಗೆ, ಷರತ್ತಿನ ಮೇಲೆ: ಇರುಳಿಂದ ಕಡಲ ಗಾಳಿ ತಿರುಗುವವರೆಗೆ ಕುಲುಮೆಯನ್ನು ತೀರ ಕೆಳಮಟ್ಟದಲ್ಲಿ ನಡೆಸಬೇಕು, ಕಾಲೊನಿಯಲ್ಲಿ ಹಗಲು ರಾತ್ರಿ ಎರಡೂ ಅಳೆಯಬೇಕು. ವಾಪಸು ರೈಲಿನಲ್ಲಿ ಜನರಲ್ ಮ್ಯಾನೇಜರ್ ಷರತ್ತುಗಳನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಾ ಕೂತಿದ್ದರು. ಕೊನೆಗೆ, "ಸಂಡಿಗೆ ಒಣಗಿಸೋಕೆ ಬೇರೆ ಜಾಗ ಇರಲಿಲ್ವಾ ನಿಮ್ಮ ಅತ್ತೆಯವರಿಗೆ?" ಎಂದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಗೆದ್ದೆನೆಂದು ಒಳಗೊಳಗೇ ಬೀಗುತ್ತಿದ್ದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ರಿಯಾಯಿತಿ ಜಾರಿಗೆ ಬಂದ ಮೊದಲ ಬೆಳಗಿನ ಜಾವ ಟೆರೇಸಿನಲ್ಲಿ ಮಾವನವರ ಪಂಚೆಯನ್ನು, ಧೂಳು ಬಿದ್ದರೆ ಅಂಟಲಿ ಎಂದು, ನಾನೇ ನೀರಲ್ಲಿ ಅದ್ದಿ ಹಾಸಿದೆ. ಕಂಟ್ರೋಲ್ ರೂಮಿಗೆ ಫೋನು ಮಾಡಿದೆ. ಕುಲುಮೆ ಆದೇಶದ ಪ್ರಕಾರವೇ ತಗ್ಗಿತ್ತು, ಯಾರೂ ಮೋಸ ಮಾಡಿರಲಿಲ್ಲ. ಬೆಳಕು ಹರಿದ ಮೇಲೆ ಪಂಚೆಯ ಮೇಲೆ ಬೆರಳಾಡಿಸಿದೆ. ಮೊದಲಿನಷ್ಟಿರಲಿಲ್ಲ. ಆದರೂ ಬೆರಳ ತುದಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಹಿಂದೆ ಸುಂಯ್ ಎನ್ನುವ ಸದ್ದು ಕೇಳಿತು. ಬೇಡವೆಂದರೂ ಅತ್ತೆ ಮಹಡಿ ಹತ್ತಿ ಬಂದಿದ್ದರು. ಬಾಗಿಲ ಚೌಕಟ್ಟು ಹಿಡಿದು ನಿಂತು ಪಂಚೆ ನೋಡಿದರು, ನನ್ನ ಬೆರಳು ನೋಡಿದರು. ಮಾತಿಗೆ ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ನಿಮ್ಮ ಕುಲಿಮಿಗೆ ಪರವಾನಗಿ ತಂದಿ, ಚಲೋ ಆತು. ನನ್ನ ಎದಿಗೆ ಯಾರ ಹತ್ರ ಕೇಳ್ಬೇಕವ್ವ?"

ಕೋಪದ ಮಾತಲ್ಲ. ನಾನು ಬಲ್ಲವಳೆಂದು, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ್ದರು. ಪಂಚೆ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಅವರ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಕೆಳಗಿಳಿಸಿದೆ. ಆಮೇಲೆ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ ಕಾರ್ಖಾನೆಗೆ ಹೊರಟೆ.