ಸುವರ್ಣಮ್ಮನಿಗೆ ಹಾಕಿದ ಹಸಿರು ಗುಡ್ಲು

ಬಿಳಿಗೆರೆಯಲ್ಲಿ ಹೆಂಗಸರ ಬ್ಲೌಸು ಹೊಲಿಯುವವಳು ನಾನು. ಯಾರ ಮೈಯಲ್ಲಿ ಏನು ಏರಿತು, ಏನು ಇಳಿಯಿತು ಎನ್ನುವುದು ಟೇಪು ಹಿಡಿದ ಕೈಗೆ ಊರಿಗಿಂತ ಮೊದಲೇ ಗೊತ್ತಾಗುತ್ತದೆ. ಪಕ್ಕದ ಮನೆಯ ಸುವರ್ಣಮ್ಮನ ವಿಷಯಕ್ಕೆ ಮಾತ್ರ ಟೇಪು ಬೇಕಿರಲಿಲ್ಲ. ಹುಟ್ಟಿದಾಗ ಗಂಡುಮಗು ಎಂದರು. ಮಾತು ಬಂದಾಗಿನಿಂದ ಅವಳು ತಾನು ಹೆಣ್ಣು ಎಂದೇ ಹೇಳಿಕೊಂಡು ಬಂದಳು. ಹೆಸರನ್ನೂ ಅವಳೇ ಇಟ್ಟುಕೊಂಡಳು. ತಾಯಿ ಭೈರಮ್ಮ ಮೊದಲು ಅತ್ತು, ಆಮೇಲೆ ಬೈದು, ಕೊನೆಗೊಂದು ದಿನ ಬ್ಲೌಸ್ ಪೀಸು ತಂದು ನನ್ನ ಮೆಷಿನ್ನಿನ ಮೇಲೆ ಹಾಕಿ, “ಅದ್ಕೊಂದು ಹೊಲ್ಕೊಡು ವಿಮಲಮ್ಮ, ಅಳ್ತೆ ನಂಗ್ ಕೇಳ್ಬ್ಯಾಡ” ಎಂದಳು.

ಅಡ್ಡ ನಿಂತವನು ಸೋದರಮಾವ ಸಣ್ಣತಿಮ್ಮಯ್ಯ. ಗಂಡ ತೀರಿದ ಮೇಲೆ ಭೈರಮ್ಮ ಅಣ್ಣನ ಮನೆಯಲ್ಲೇ ಇದ್ದಳು. ಅವನು ಹೂಂ ಎಂದರೆ ಸುವರ್ಣಮ್ಮನಿಗೆ ಈ ಊರು ಉಳಿಯುತ್ತಿತ್ತು, ಉಹೂಂ ಎಂದರೆ ಅವಳಂಥವರು ಊರು ಬಿಟ್ಟು ಹತ್ತುವ ಬೊಂಬಾಯಿ ರೈಲೇ ಗತಿ. ಕೊಬ್ಬರಿ ವಿಷಯದಲ್ಲಿ ಅವನು ಭಾರೀ ಗಟ್ಟಿಗ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯನ್ನು ಕಿವಿಯ ಹತ್ತಿರ ಕುಲುಕಿ, ನೀರು ಆರಿ ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಮನುಷ್ಯರು ಮಾತಾಡಿದರೆ ಮಾತ್ರ ಆ ಕಿವಿ ಕೇಳುತ್ತಿರಲಿಲ್ಲ.

ಎಂಬತ್ತಾರನೇ ಇಸವಿಯಲ್ಲಿ ತಿಪಟೂರಿಗೆ ಒಬ್ಬ ಲೇಡಿ ಡಾಕ್ಟರು ಬಂದರು. ಸುವರ್ಣಮ್ಮನ ಮಾತನ್ನು ಪೂರ್ತಿ ಕೇಳಿ, ಗುಳಿಗೆ ಕೊಡಲು ಒಪ್ಪಿದರು. ಮೊದಲು ರಕ್ತ ಬೆಂಗಳೂರಿಗೆ ಹೋಗಬೇಕು, ಗಂಡು ಹಾರ್ಮೋನು ಎಷ್ಟಿದೆ, ಹೆಣ್ಣು ಹಾರ್ಮೋನು ಎಷ್ಟಿದೆ ತಿಳಿಯಬೇಕು ಎಂದರು. ಸುದ್ದಿ ಕೇಳಿ ಮಾವ ನಕ್ಕ.

“ನೋಡ್ಸು ಕಣ್ಲಾ! ರಕ್ತ ಹೆಣ್ಣು ಅಂದ್ರೆ ನಾನೇ ಗರಿ ಕಡ್ದು ಗುಡ್ಲು ಹಾಕ್ತೀನಿ. ಇಲ್ದಿದ್ರೆ ಈ ಮನೇಲಿ ಸೀರೆ ಕೂಡ್ದು.”

ಹುಡುಗಿ ಮೈನೆರೆದಾಗ ಅವಳನ್ನು ಕೂರಿಸಲು ಸೋದರಮಾವ ಹಸಿ ತೆಂಗಿನ ಗರಿಯಲ್ಲಿ ಹಾಕುವ ಪುಟ್ಟ ಗುಡಿಸಲೇ ಗುಡ್ಲು. ಅವನು ಅಣಕಕ್ಕೆ ಆಡಿದ ಮಾತನ್ನು ಈ ಹುಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಸಾಲದ್ದಕ್ಕೆ, ಮೈನೆರೆದವರಿಗೆ ಕೊಡುವ ಎಳ್ಳಿನ ಚಿಗಳಿ, ಕೊಬ್ಬರಿ ಬೆಲ್ಲ ತಿಂದರೆ ರಕ್ತದಲ್ಲಿ ಹೆಣ್ಣಂಶ ಏರುತ್ತದೆ ಎಂದುಕೊಂಡು ವಾರಗಟ್ಟಲೆ ಕದ್ದು ತಿಂದಳು. ಹಾರ್ಮೋನು ಏರಲಿಲ್ಲ, ಮುಖದ ತುಂಬ ಮೊಡವೆ ಎದ್ದವು. ರಿಪೋರ್ಟಿನಲ್ಲಿ ಎರಡೂ ಗಂಡಸರಿಗೆ ಇರುವಷ್ಟೇ ಇದ್ದವು.

ಆಸ್ಪತ್ರೆಯಲ್ಲೇ ಅವಳು ಗೊಳೋ ಎಂದು ಅತ್ತಳು. ಡಾಕ್ಟರು ಗದರಿದರು: “ಗುಳಿಗೆ ನುಂಗೋಕೆ ಮುಂಚೆ ಇಷ್ಟೇ ಇರೋದು ಕಣಮ್ಮ. ನೀನು ಯಾರು ಅಂತ ಹೇಳೋಕಲ್ಲ ಈ ಪರೀಕ್ಷೆ, ಎಷ್ಟು ಔಷಧಿ ಕೊಡಬೇಕು ಅಂತ ತಿಳಿಯೋಕೆ. ನೀನಾಗಿ ಒಂದು ಗುಳಿಗೆ ಜಾಸ್ತಿ ನುಂಗಿದ್ರೆ ರಕ್ತ ಹೆಪ್ಪುಗಟ್ಟುತ್ತೆ, ಜೋಕೆ.”

ಮನೆಯಲ್ಲಿ ಮಾವ ಗೆದ್ದವನಂತೆ ಮೀಸೆ ತಿರುವುತ್ತಿದ್ದ. ಸುವರ್ಣಮ್ಮ ಕಣ್ಣೊರೆಸಿಕೊಂಡು ಎದುರಿಗೇ ನಿಂತಳು.

“ಮಾವ, ಅಟ್ಟಕ್ಕೆ ಹಾಕಿದ ದಿನ್ವೇ ಕಾಯಿ ಕುಲುಕಿ ನೋಡ್ತೀಯಾ?”

ಬೇರೆ ಯಾವ ನ್ಯಾಯಕ್ಕೂ ಬಗ್ಗದವನು ಕೊಬ್ಬರಿ ನ್ಯಾಯಕ್ಕೆ ಬಗ್ಗಲೇಬೇಕಾಯಿತು. “ಆಯ್ತು, ಇನ್ನೊಂದ್ ಸತಿ ನೋಡ್ಸು. ಅದೇ ಕೊನೆ” ಎಂದು ಅಟ್ಟ ಹತ್ತಿದ.

ಗುಳಿಗೆ ಶುರುವಾಯಿತು ನೋಡಿ, ನನಗೆ ಬಿಡುವಿಲ್ಲದಂತಾಯಿತು. “ವಿಮಲಕ್ಕ, ಎದೆ ನೋಯ್ತದೆ!” ಎಂದು ಹಬ್ಬದ ಸುದ್ದಿಯಂತೆ ಓಡಿ ಬರುವಳು. ಕೆನ್ನೆ ಮುಟ್ಟಿ ನೋಡು ಎನ್ನುವಳು. ಕರು ಕೆಚ್ಚಲಿಗೆ ಬಾಯಿ ಹಾಕಿದ್ದು ಕಂಡರೂ ಅಳು, ಅತ್ತದ್ದಕ್ಕೆ ಮತ್ತೆ ನಗು. ನಾನು ಬ್ಲೌಸು ಬಿಚ್ಚಿ ಬಿಚ್ಚಿ ಹೊಲಿದು ಸಾಕಾಗಿ, “ಒಂದ್ ಕಡೆ ನಿಲ್ಲೇ ಮಾರಾಯ್ತಿ” ಎಂದು ಬೈದೆ. ಬೈದರೂ ನಕ್ಕಳು. ನನಗೂ ಅವಳ ಸಂತೋಷ ಅಂಟಿಕೊಂಡು, ಒಬ್ಬಳೇ ಮೆಷಿನ್ ತುಳಿಯುವಾಗಲೂ ನಗು ಬರುತ್ತಿತ್ತು.

ಕೆಲವು ತಿಂಗಳ ಮೇಲೆ ಎರಡನೇ ರಿಪೋರ್ಟು ಬಂದ ದಿನ ನಾನೂ ಜೊತೆಗೆ ಹೋಗಿದ್ದೆ. ಗಂಡು ಹಾರ್ಮೋನು ನೆಲಕಚ್ಚಿತ್ತು. ಹೆಣ್ಣಿನದು ನನ್ನಂಥವಳಿಗೆ ಇರುವಷ್ಟಕ್ಕೆ ಏರಿತ್ತು. ಬಸ್ಸಿನಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದಕ್ಕೆ ಕಂಡಕ್ಟರು ಇಳಿಸಿಬಿಡುತ್ತೇನೆ ಎಂದ. ಊರು ಹತ್ತಿರವಾದಂತೆ ಅವಳು ರಿಪೋರ್ಟನ್ನು ಮತ್ತೆ ಮತ್ತೆ ಬಿಚ್ಚಿ ನೋಡತೊಡಗಿದಳು. ಮಾವ ಮಾತಿಗೆ ತಪ್ಪಿದರೆ?

ಮನೆ ಮುಂದೆ ಹಸಿರು ಗುಡ್ಲು ನಿಂತಿತ್ತು. ಸಣ್ಣತಿಮ್ಮಯ್ಯ ಗರಿಗೆ ಹುರಿ ಬಿಗಿಯುತ್ತಿದ್ದ. ಭೈರಮ್ಮ ಚಿಗಳಿ ತಟ್ಟೆ ಹಿಡಿದು ಬಾಗಿಲಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

“ಮಾವ, ರಕ್ತ ಏನಂತು ಅಂತ ಕೇಳಲ್ವಾ?”

“ಮೊನ್ನೆ ಕೊಬ್ಬರಿ ಒಡೀತಾ ನಗ್ತಿದ್ಯಲ್ಲ, ಅಟ್ಟದ ಮ್ಯಾಲಿಂದ ಕೇಳಿಸ್ಕೊಂಡೆ. ನೀ ಈ ಮನೇಲೇ ಬೆಳ್ದೆ, ಅಂಗೆ ನಕ್ಕಿದ್ದು ಒಂದಿನಾನೂ ಕೇಳಿರ್ಲಿಲ್ಲ.” ಅವನು ನಮ್ಮತ್ತ ತಿರುಗಲಿಲ್ಲ. “ಸದ್ದು ಕೇಳಿದ್ಮ್ಯಾಲೆ ಒಡ್ದು ನೋಡೋನಾ ನಾನು? ಬಗ್ಗಿ ಬಾರೇ ಒಳಕ್ಕೆ.”

ಅವಳು ಬಗ್ಗಿದಳು. ನಮ್ಮೂರ ಹೆಂಗಸರಲ್ಲೆಲ್ಲ ಎತ್ತರದವಳು. ಬಗ್ಗಿದರೂ ತಲೆ ಸೂರಿಗೆ ತಗುಲಿತು. ಎಲ್ಲರೂ ಗೊಳ್ಳೆಂದೆವು. ಮಾವ ಮಾತ್ರ ನಗದೆ, ಕಟ್ಟಿದ ಹುರಿಯನ್ನೆಲ್ಲ ಬಿಚ್ಚಿ, ಅವಳ ಎತ್ತರಕ್ಕೆ ಗುಡ್ಲನ್ನು ಮತ್ತೆ ಕಟ್ಟಿದ.