ಈಜಕ್ಕನಿಗೆ ಹುಳುಕಡ್ಡಿ ಬಂದ ವರ್ಷ

ನಮ್ಮ ಈಜುಕೊಳದಲ್ಲಿ ಹೆಂಗಸರ ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೆರಡು. ಆ ಎರಡು ಗಂಟೆ ಕಾಂಪೌಂಡಿನಾಚೆ ಬಸ್ಸಿಗೆ ಕಾಯುವವರಿಗೂ ಒಂದು ದನಿ ಕೇಳಿಸುತ್ತದೆ. "ಉಸಿರು ಬಿಡಿ, ಬಿಡಿ! ಅಷ್ಟೊಂದು ಕೂಡಿಟ್ಟು ಯಾರಿಗೆ ಕೊಡೋಕಿದೆ?" ಅದು ಈಜಕ್ಕನ ದನಿ. ಅವರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿಲ್ಲ.

ಈಜಕ್ಕ ಚಿಕ್ಕಂದಿನಿಂದ ನೀರಲ್ಲಿ ಬೆಳೆದವರಲ್ಲ. ಈ ಕೊಳಕ್ಕೆ ಅವರು ಮೊದಲು ಬಂದದ್ದು ಬಟ್ಟೆ ಬದಲಿಸುವ ಕೋಣೆಯ ಬೀಗದ ಕೈ ಕೊಡುವ ಕೆಲಸಕ್ಕೆ. ಆರು ವರ್ಷ ಕಿಟಕಿಯ ಹಿಂದೆ ಸ್ಟೂಲ್ ಮೇಲೆ ಕೂತು ಬೀಗದ ಕೈ ಕೊಟ್ಟರು, ವಾಪಸ್ ಇಸಿದುಕೊಂಡರು. ಒಂದು ದಿನ ಆಗಿನ ಹಳೆಯ ಕೋಚ್, "ಇಷ್ಟು ವರ್ಷ ನೀರಿನ ಪಕ್ಕ ಕೂತು ಒದ್ದೆಯಾಗದೇ ಇರೋಳು ನೀನೊಬ್ಬಳೇ ನೋಡಮ್ಮ" ಎಂದು ನಕ್ಕರಂತೆ. ಆ ಮಾತು ಚುಚ್ಚಿತು. ಮಾರನೆಯ ಮಧ್ಯಾಹ್ನ ಕೊಳ ಖಾಲಿಯಿದ್ದಾಗ ಕಂಬಿ ಹಿಡಿದುಕೊಂಡು ಮೊಣಕಾಲು ಮಟ್ಟದ ನೀರಿಗಿಳಿದರು. ಆಗ ಅವರಿಗೆ ಮೂವತ್ತೆರಡು. ನಲವತ್ತಕ್ಕೆ ಪರೀಕ್ಷೆ ಪಾಸು ಮಾಡಿ ಅದೇ ಕೊಳದಲ್ಲಿ ಹೆಂಗಸರಿಗೆ ಕಲಿಸುವ ಟೀಚರ್ ಆದರು. ಈಗ ಐವತ್ತೊಂದು.

ಭಯ ಏನೆಂದು ಗೊತ್ತಿದ್ದವರಾದ್ದರಿಂದ ಭಯಪಡುವವರನ್ನು ಅವರು ಗದರುವುದಿಲ್ಲ. ಕತ್ತಿನ ಕೆಳಗೆ ಅಂಗೈ ಕೊಟ್ಟು, ಮಗುವಿಗೆ ಸ್ನಾನ ಮಾಡಿಸುವ ಹಾಗೆ ನೀರಿನ ಮೇಲೆ ಮಲಗಿಸುತ್ತಾರೆ. ಆ ಅಂಗೈ ಇದ್ದರೆ ಸಾಕು, ಎಂಥ ಪುಕ್ಕಲರ ಮೈಯೂ ಸಡಿಲವಾಗುತ್ತದೆ. ಅಂಥ ಪುಕ್ಕಲರಲ್ಲಿ ನಾನೂ ಒಬ್ಬಳು. ಅಂಚೆ ಕಚೇರಿಯಲ್ಲಿ ನನ್ನದು ಮಧ್ಯಾಹ್ನದ ಪಾಳಿ. ಬೆನ್ನುನೋವಿಗೆ ಈಜು ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಸೇರಿದ್ದೆ.

ನನ್ನ ಮೂರನೆಯ ವಾರ. ಕಣ್ಣು ಮುಚ್ಚಿ ಮಲಗಿದ್ದೇನೆ, ಕತ್ತಿನ ಕೆಳಗೆ ಅಂಗೈ ಇದೆ, ಜೀವನದಲ್ಲಿ ಮೊದಲ ಬಾರಿ ನೀರು ನನ್ನನ್ನು ಹೊತ್ತುಕೊಂಡಿದೆ ಅನಿಸುತ್ತಿದೆ. ಅಷ್ಟರಲ್ಲಿ ಆ ಕೈ ಸರಕ್ಕನೆ ಹಿಂದೆ ಸರಿಯಿತು. ನಾನು ಮುಳುಗಿದೆ. ಮೂಗಿನಲ್ಲಿ, ಬಾಯಲ್ಲಿ ಎಲ್ಲ ನೀರು. ಕೆಮ್ಮುತ್ತ ಕಂಬಿ ಹಿಡಿದು ತಿರುಗಿದರೆ ಈಜಕ್ಕ ತೋಳಿನ ಮೇಲೆ ಸರಿದಿದ್ದ ತುಂಬುತೋಳಿನ ಅಂಗಿಯನ್ನು ಕೆಳಗೆಳೆದುಕೊಳ್ಳುತ್ತಿದ್ದರು. ಸೆಕೆಯಲ್ಲಿ ತುಂಬುತೋಳು ಯಾಕೆಂದು ನಮಗೆಲ್ಲ ಎರಡು ವಾರದಿಂದ ಸೋಜಿಗವಿತ್ತು.

"ಏನು ಟೀಚರ್, ಸಾಯಿಸ್ತೀರಾ ನನ್ನ?" ಎಂದು ರೇಗಿದೆ.

ಅವರ ಕಣ್ಣು ತುಂಬಿತ್ತು. ಎಲ್ಲರೂ ಹೋದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ತೋಳು ಮಡಚಿ ತೋರಿಸಿದರು. ಮೊಣಕೈ ಕೆಳಗೆ ಬಳೆಯಗಲದ ಒಂದು ಉಂಗುರ. ಅಂಚು ಕೆಂಪಗೆ ಉಬ್ಬಿದೆ, ನಡುವೆ ಚರ್ಮ ಮಾಮೂಲಿನ ಹಾಗೇ ಇದೆ.

"ಹುಳುಕಡ್ಡಿ ಕಣ್ರೀ. ಸೊಂಟದಲ್ಲಿ ಒಂದಿತ್ತು, ಈಗ ಹೊಟ್ಟೆ, ತೊಡೆ, ಕೈ ಎಲ್ಲ ಸೇರಿ ಆರಾಗಿದೆ. ಹೆದರಿದೋರನ್ನ ಮುಟ್ಟದೆ ನಾನು ಹೇಗೆ ಕಲಿಸ್ಲಿ? ಮುಟ್ಟಿದ್ರೆ ನಿಮಗೂ ಅಂಟುತ್ತೆ. ಅದಕ್ಕೇ ಕೈ ತೆಗೆದುಬಿಟ್ಟೆ. ತಪ್ಪಾಯ್ತು."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

ಆಗಿದ್ದಿಷ್ಟು. ಬೇಸಿಗೆಯ ಶುರುವಿನಲ್ಲಿ ಸೊಂಟದ ಪಟ್ಟಿಯ ಕೆಳಗೆ ಒಂದು ಉಂಗುರ ಕಂಡಿತು. ಎರಡು ಬೀದಿ ಆಚೆ ಇರುವ ನಾದಿನಿ, ಅಂದರೆ ಗಂಡನ ತಂಗಿ, ಒಂದು ಟ್ಯೂಬ್ ತಂದುಕೊಟ್ಟಳು. "ಅತ್ತಿಗೆ, ನಮ್ಮನೇಲಿ ಎಲ್ಲದಕ್ಕೂ ಇದೇ. ಸೊಳ್ಳೆ ಕಚ್ಚಿದ್ರೂ ಇದೇ, ಮೊಡವೆಗೂ ಇದೇ." ಹಚ್ಚಿದ ನಾಲ್ಕೇ ದಿನಕ್ಕೆ ತುರಿಕೆ ಮಾಯ! ಈಜಕ್ಕ ಟ್ಯೂಬನ್ನು ಹೊಗಳಿದ್ದೇ ಹೊಗಳಿದ್ದು. ಬಿಟ್ಟ ಹತ್ತು ದಿನಕ್ಕೆ ಉಂಗುರ ಮತ್ತೆ ಬಂತು, ಜತೆಗೊಂದು ಸಂಗಾತಿಯನ್ನೂ ಕರೆತಂದಿತು. ಮತ್ತೆ ಹಚ್ಚಿದರು, ಮತ್ತೆ ಮಾಯ, ಮತ್ತೆ ಬಂತು. ಹೀಗೆ ಮೂರು ಸಲ.

"ಡಾಕ್ಟರಿಗೆ ತೋರಿಸಿದ್ರಾ?" ಎಂದೆ.

"ಎಲ್ಲೆಲ್ಲಿ ಅಂತ ತೋರಿಸ್ಲಿ? ನಾಚಿಕೆಯಾಗುತ್ತೆ."

"ದಿನಾ ಮೂವತ್ತು ಜನರ ಮುಂದೆ ಈಜುಡುಪಿನಲ್ಲಿ ನಿಲ್ಲೋರು ನೀವು!"

ಅವರಿಗೇ ನಗು ಬಂತು. ಅರ್ಧ ಗಂಟೆಯಲ್ಲಿ ನಾವಿಬ್ಬರೂ ಚರ್ಮದ ಡಾಕ್ಟರ ಬಾಗಿಲಲ್ಲಿದ್ದೆವು.

ಡಾಕ್ಟರು ಕುಳ್ಳಗಿನ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಉಂಗುರಗಳನ್ನು ಒಂದೊಂದಾಗಿ ನೋಡಿದರು. ಮೊಂಡು ಬ್ಲೇಡಿನಿಂದ ತೋಳಿನ ಅಂಚನ್ನು ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಒಂದು ತೊಟ್ಟು ದ್ರಾವಣ ಬಿಟ್ಟು ಪಕ್ಕದ ಕೋಣೆಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಕರೆದರು. "ಬನ್ನಿ, ನಿಮ್ಮ ಬಾಡಿಗೆದಾರರನ್ನ ನೋಡಿ."

ಈಜಕ್ಕ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. "ಅಯ್ಯೋ, ದಾರದ ಎಳೆ ಥರ ಇವೆ! ಹುಳ ಎಲ್ಲಿ ಡಾಕ್ಟ್ರೇ?"

"ಹುಳುಕಡ್ಡಿ ಅಂತಾರೆ ಅಷ್ಟೇ, ಹುಳ ಇಲ್ಲವೇ ಇಲ್ಲ. ಇದು ಫಂಗಸ್ಸು, ಹಳೆ ಬ್ರೆಡ್ಡಿನ ಮೇಲೆ ಬರೋ ಬೂಷ್ಟಿನ ಸಂಬಂಧಿಕರು. ಬೆವರು, ಒದ್ದೆ ಬಟ್ಟೆ, ಗಾಳಿಯಾಡದ ಜಾಗ ಸಿಕ್ಕಿದ್ರೆ ಹಬ್ಬಿಕೊಳ್ಳುತ್ತೆ. ಏನು ಹಚ್ಚಿದ್ರಿ ಇದಕ್ಕೆ?"

ಈಜಕ್ಕ ಚೀಲದಿಂದ ಟ್ಯೂಬ್ ತೆಗೆದರು. ಡಾಕ್ಟರು ಭೂತಗನ್ನಡಿ ಹಿಡಿದು ಅದರ ಮೇಲಿನ ಇರುವೆಸಾಲಿನಂಥ ಅಕ್ಷರ ಓದಿದರು. "ನೋಡಿ, ಇದರಲ್ಲಿ ಸ್ಟಿರಾಯ್ಡ್ ಸೇರಿಸಿದ್ದಾರೆ. ಅದು ತುರಿಕೆ ಅಡಗಿಸುತ್ತೆ, ಕೆಂಪು ಇಳಿಸುತ್ತೆ. ವಾಸಿಯಾಯ್ತು ಅಂತ ನೀವು ಖುಷಿಪಡ್ತೀರಿ. ಆದ್ರೆ ಫಂಗಸ್ಸನ್ನ ತಡೆಯೋ ಮೈಯ ಕಾವಲುಗಾರರನ್ನೂ ಅದೇ ಮಲಗಿಸಿಬಿಡುತ್ತೆ. ಒಳಗೊಳಗೇ ಹರಡುತ್ತೆ. ತೊಡೆಯ ಚರ್ಮ ತೆಳ್ಳಗಾಗಿ ಹೊಳೀತಿದೆ ನೋಡಿ, ಅದೂ ಇದರದ್ದೇ ಕೆಲಸ. ಇವತ್ತಿಂದ ಇದು ಬಂದ್."

ಬೇರೊಂದು ಮುಲಾಮು ಬರೆದುಕೊಟ್ಟರು. ಅದು ಬರೀ ಫಂಗಸ್ಸಿನ ಔಷಧಿ, ಸ್ಟಿರಾಯ್ಡ್ ಇಲ್ಲದ್ದು. ಹಚ್ಚುವ ಕ್ರಮವನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ, ಈಜಕ್ಕನ ತೋಳಿನ ಮೇಲೆ ಮಾಡಿಯೇ ತೋರಿಸಿದರು. ತೊಳೆದು, ಒತ್ತಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹಚ್ಚಬೇಕು. ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಒಂದು ಗೆರೆ ಮುಲಾಮು ತೆಗೆದುಕೊಂಡರೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಉಂಗುರದ ಒಳಗಷ್ಟೇ ಅಲ್ಲ, ಅಂಚಿನಿಂದ ಆಚೆಗೂ ಒಂದು ಬೆರಳಗಲ. ಬೆಳಿಗ್ಗೆ, ಸಂಜೆ. ಆಮೇಲೆ ಸೋಪಿನಲ್ಲಿ ಕೈ ತೊಳೆಯುವುದು.

"ಮೊದಲ ವಾರ ತುರಿಕೆ ಜಾಸ್ತಿ ಆಗಬಹುದು. ಸ್ಟಿರಾಯ್ಡ್ ನಿಂತಿದ್ದಕ್ಕೆ ಚರ್ಮ ರಂಪ ಮಾಡುತ್ತೆ. ಹೆದರಿ ಹಳೇದಕ್ಕೆ ಕೈ ಹಾಕಬೇಡಿ, ತುರಿಕೆಗೆ ಮಾತ್ರೆ ಕೊಟ್ಟಿದ್ದೀನಿ. ಹೊಸದು ಹಚ್ಚಿ ತುಂಬ ಉರಿ ಬಂದ್ರೆ, ಬೊಬ್ಬೆ ಎದ್ರೆ ನಿಲ್ಲಿಸಿ ಬನ್ನಿ. ಕಣ್ಣಿನ ಹತ್ರ ಬೇಡ. ಮುಖ್ಯವಾಗಿ, ಮಾಸಿತು ಅಂತ ಬಿಡಬೇಡಿ. ಮಾಸಿದ ಮೇಲೂ ಎರಡು ವಾರ ಹಚ್ಚಬೇಕು. ನಾಲ್ಕು ವಾರಕ್ಕೂ ಬಗ್ಗದಿದ್ರೆ ನುಂಗೋ ಔಷಧಿ ನೋಡೋಣ, ಅದನ್ನ ನೀವಾಗೇ ತಗೋಬೇಡಿ. ನಾನು ಹೇಳೋವರೆಗೂ ಕೊಳಕ್ಕೆ ರಜಾ. ಮನೇಲಿ ಇನ್ಯಾರಿಗೆ ತುರಿಕೆ?"

"ಯಾರಿಗೂ ಇಲ್ಲ" ಎಂದರು ಈಜಕ್ಕ ಖಚಿತವಾಗಿ.

"ಟವೆಲ್ಲು?"

"ಬಚ್ಚಲ ಬಾಗಿಲಿಗೆ ಒಂದು ದೊಡ್ಡದಿದೆ. ಎಲ್ಲರಿಗೂ ಅದೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೋಗಿ, ಇನ್ನೊಂದು ಸಲ ಕೇಳಿ."

ಆ ಸಂಜೆಯ ಕತೆಯನ್ನು ಈಜಕ್ಕ ನನಗೆ ಕನಿಷ್ಠ ಹತ್ತು ಸಲ ಹೇಳಿದ್ದಾರೆ. ಪ್ರತಿ ಸಲವೂ ಅರ್ಧಕ್ಕೇ ನಗು ಬಂದು ನಿಲ್ಲಿಸುತ್ತಾರೆ. ಊಟಕ್ಕೆ ನಾಲ್ವರಿದ್ದರು. ಇವರು, ಗಡಿಯಾರ ರಿಪೇರಿ ಮಾಡುವ ಗಂಡ, ಎಪ್ಪತ್ತಮೂರರ ಅತ್ತೆ, ಅವತ್ತು ಬಂದಿದ್ದ ನಾದಿನಿ. ತಟ್ಟೆ ಸರಿಸಿ ಈಜಕ್ಕ ಎಲ್ಲ ಹೇಳಿದರು. ಮೂವರೂ ಅನ್ನ ಕಲಸುತ್ತಲೇ ಇದ್ದರು.

"ಯಾರಿಗೂ ಇಲ್ವಾ?"

ಗಂಡ ಗಂಟಲು ಸರಿಮಾಡಿಕೊಂಡರು. "ಬೆಲ್ಟಿನ ಕೆಳಗೆ... ಸ್ವಲ್ಪ... ಕೂತು ಕೆಲಸ ಮಾಡ್ತೀನಲ್ಲ, ಸೆಕೆಗೆ ಅಂದ್ಕೊಂಡೆ."

"ಎಷ್ಟು ದಿನದಿಂದ?"

"ಎರಡು ತಿಂಗಳು."

"ಎರಡು ತಿಂಗಳು ಬಾಯಿಬಿಟ್ಟು ಹೇಳೋಕೆ ಏನ್ರೀ ಆಗಿತ್ತು ನಿಮಗೆ?"

"ನೀನು ಹೇಳಿದ್ಯಾ?"

ನಾದಿನಿ ತಲೆ ತಗ್ಗಿಸಿ, "ನನಗೂ ಕಂಕುಳಲ್ಲಿದೆ ಅತ್ತಿಗೆ, ಟ್ಯೂಬ್ ಮನೇಲಿದ್ದಿದ್ದು ಅದಕ್ಕೇ" ಎಂದಳು. ಇನ್ನುಳಿದವರು ಅತ್ತೆ.

"ನನಗೇನೂ ಇಲ್ಲಪ್ಪ. ದಿನಾ ಸ್ನಾನ ಮಾಡೋ ಮೈ ನಂದು" ಎಂದು ಅತ್ತೆ ಗತ್ತಿನಿಂದ ಹೇಳಿದರು. ಹೇಳುತ್ತಿರುವಾಗಲೇ ಅವರ ಬಲಗೈ ತನ್ನಷ್ಟಕ್ಕೆ ತಾನೇ ಮಡಿಲಿನಿಂದ ಬಾಚಣಿಗೆ ತೆಗೆದು, ಅದರ ಹಿಡಿಯನ್ನು ಬೆನ್ನಿಗೆ ತೂರಿಸಿ ಕೆರೆಯತೊಡಗಿತ್ತು. ಮೂವರೂ ನೋಡುತ್ತಿದ್ದಾರೆಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಮೊದಲು ನಕ್ಕವರು ಅತ್ತೆಯೇ. ಆಮೇಲೆ ಯಾರಿಗೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ, ಅಷ್ಟು ನಗು.

ಮಾರನೆಯ ದಿನ ನಾಲ್ವರೂ ಡಾಕ್ಟರ ಹತ್ತಿರ ಸಾಲಾಗಿ ಕೂತರು. ಎಲ್ಲರದ್ದನ್ನೂ ನೋಡಿ ಡಾಕ್ಟರು, "ಒಟ್ಟಿಗೇ ಶುರು ಮಾಡಿ, ಇಲ್ಲದಿದ್ರೆ ಒಬ್ಬರಿಂದ ಒಬ್ಬರಿಗೆ ಚೆಂಡಾಟ ಆಗುತ್ತೆ" ಎಂದರು. ದೊಡ್ಡ ಟವೆಲ್ ಬಚ್ಚಲ ಬಾಗಿಲಿನಿಂದ ಇಳಿಯಿತು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಹೊಸ ಟವೆಲ್ ಬಂತು. ಒಳಬಟ್ಟೆ, ಹಾಸಿಗೆ ಹೊದಿಕೆ ಎಲ್ಲ ಬಿಸಿನೀರು ಕಂಡು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿದವು. ಗಂಡ ಅಂಗಡಿಯಿಂದ ಒಂದು ಹಳೆಯ ಅಲಾರಂ ಗಡಿಯಾರ ತಂದು ಅಡುಗೆಮನೆ ಕಿಟಕಿಯಲ್ಲಿಟ್ಟರು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಅದು ಬಡಿದುಕೊಂಡರೆ ಮನೆಮಂದಿಯೆಲ್ಲ ಒಂದೊಂದು ಮೂಲೆ ಹಿಡಿಯುತ್ತಿದ್ದರು. ಅತ್ತೆಯ ಬೆನ್ನಿಗೆ ಹಚ್ಚುವುದು ಸೊಸೆಯ ಕೆಲಸ.

"ಇನ್ನೊಂಚೂರು ದಪ್ಪಗೆ ಮೆತ್ತೇ. ಬ್ರೆಡ್ಡಿಗೆ ಬೆಣ್ಣೆ ಸವರಿದ ಹಾಗೆ ಸವರ್ತೀಯಲ್ಲ, ಜಿಪುಣಿ!"

"ಜಾಸ್ತಿ ಮೆತ್ತಿದ್ರೆ ಬೇಗ ವಾಸಿಯಾಗಲ್ಲ ಅತ್ತೆ, ಅಂಗಿಗೆ ಅಂಟುತ್ತೆ ಅಷ್ಟೇ. ಬಾಚಣಿಗೆ ಎಲ್ಲಿ? ಕೊಡಿ ಇಲ್ಲಿ."

ಐದನೆಯ ದಿನ ಈಜಕ್ಕನಿಗೆ ತಾಳಲಾಗದ ತುರಿಕೆ. ಡಾಕ್ಟರು ಹೇಳಿದ ರಂಪ ಶುರುವಾಗಿತ್ತು. ಹಳೆಯ ಟ್ಯೂಬ್ ಇನ್ನೂ ಕಪಾಟಿನಲ್ಲಿತ್ತು. ಒಂದು ಚೂರು ಹಚ್ಚಿದರೆ ಹತ್ತು ನಿಮಿಷದಲ್ಲಿ ಸುಖ. ಅದನ್ನು ಕೈಗೆತ್ತಿಕೊಂಡು ಮುಚ್ಚಳವನ್ನೂ ತಿರುಗಿಸಿದ್ದರಂತೆ. ಅಷ್ಟರಲ್ಲಿ ನಾದಿನಿ ಬಂದಳು. ಏನೂ ಕೇಳದೆ ಅದನ್ನು ಕಿತ್ತುಕೊಂಡು ಕತ್ತರಿಯಿಂದ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದಳು. "ತಂದುಕೊಟ್ಟೋಳು ನಾನೇ, ಬಿಸಾಕೋಳೂ ನಾನೇ. ಮಾತ್ರೆ ನುಂಗಿ ಬನ್ನಿ ಅತ್ತಿಗೆ, ಫ್ಯಾನ್ ಕೆಳಗೆ ಕೂತು ಯಾರದಾದ್ರೂ ಚಾಡಿ ಹೇಳೋಣ." ಇಬ್ಬರೂ ಎರಡು ಗಂಟೆ ಚಾಡಿ ಹೇಳಿದರು. ಎಂಟನೆಯ ದಿನಕ್ಕೆ ತುರಿಕೆ ತಗ್ಗಿತು.

ಮೂರನೆಯ ವಾರ ಉಂಗುರಗಳು ಮಸುಕಾದವು, ನಾಲ್ಕನೆಯ ವಾರಕ್ಕೆ ಕಂದು ನೆರಳಷ್ಟೇ ಉಳಿಯಿತು. ಈಜಕ್ಕ ಅಲಾರಂ ಬಾಯಿ ಮುಚ್ಚಿಸಲು ಹೋದರೆ ಅತ್ತೆ ಅಡ್ಡ ನಿಂತರು. "ಡಾಕ್ಟ್ರು ಏನಂದ್ರು? ಮಾಸಿದ ಮೇಲೂ ಎರಡು ವಾರ. ನಿನ್ನ ಮಾತು ಕೇಳಿ ಆ ಹಾಳಾದ್ದು ವಾಪಸ್ ಬಂದ್ರೆ ನನ್ನ ಬೆನ್ನಿಗೂ ಬರುತ್ತೆ!" ಎರಡು ವಾರ ಪೂರ್ತಿ ಹಚ್ಚಿದರು. ಡಾಕ್ಟರು ಮತ್ತೊಮ್ಮೆ ಕೆರೆದು ನೋಡಿ, ಎಳೆ ಒಂದೂ ಕಾಣದೆ, "ಹೋಗಿ, ನೀರಿಗಿಳೀರಿ" ಎಂದರು.

ಅವರು ಮರಳಿದ ದಿನ ನಾವೆಲ್ಲ ಕೊಳದ ಅಂಚಿಗೆ ಕೂತಿದ್ದೆವು. ಈಜಕ್ಕ ಅರ್ಧತೋಳಿನ ಉಡುಪಿನಲ್ಲಿ ಬಂದು ನಿಂತರು. ಅದೇ ದೊಡ್ಡ ದನಿಯಲ್ಲಿ, "ಆರು ವಾರ ಎಲ್ಲಿಗೆ ಹೋಗಿದ್ದೆ ಗೊತ್ತಾ? ನನಗೆ ಹುಳುಕಡ್ಡಿ ಆಗಿತ್ತು" ಎಂದರು. ಬಸ್ಸಿಗೆ ಕಾಯುವವರಿಗೂ ಕೇಳಿಸಿರಬೇಕು. ಆಮೇಲೆ ಸ್ಟಿರಾಯ್ಡ್ ಟ್ಯೂಬಿನಿಂದ ಹಿಡಿದು ಬಚ್ಚಲ ಟವೆಲ್‌ವರೆಗೆ ಒಂದನ್ನೂ ಬಿಡದೆ ಹೇಳಿದರು. ನಾವು ಪಿಸುಗುಡುತ್ತೇವೆಂದು ಅವರು ಅಂದುಕೊಂಡಿದ್ದರೋ ಏನೋ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಎದ್ದು ಹೋಗಿ ತಮ್ಮ ಚೀಲ ತಂದು, "ಟೀಚರ್, ಇದು ಆ ಥರದ್ದೇನಾ ನೋಡಿ" ಎಂದು ಟ್ಯೂಬ್ ಚಾಚಿದರು. ಇನ್ನೊಂದು ಚೀಲ ಬಿಚ್ಚಿತು, ಮತ್ತೊಂದು. ಐದು ಟ್ಯೂಬ್ ಬಂದವು. ನಾಲ್ಕರಲ್ಲಿ ಸ್ಟಿರಾಯ್ಡ್ ಇತ್ತು. ಆ ವಾರ ಕುಳ್ಳಗಿನ ಡಾಕ್ಟರಿಗೆ ಕೈತುಂಬ ಕೆಲಸ.

ಈಜಕ್ಕ ಅಷ್ಟಕ್ಕೆ ಬಿಡಲಿಲ್ಲ. ಮ್ಯಾನೇಜರ ಹಿಂದೆ ಬಿದ್ದು ಬಟ್ಟೆ ಬದಲಿಸುವ ಕೋಣೆಯ ಸದಾ ಒದ್ದೆಯಾಗಿರುತ್ತಿದ್ದ ಕಾಲೊರಸನ್ನು ತೆಗೆಸಿದರು, ಕಿಟಕಿ ತೆರೆಸಿದರು, ಹಿತ್ತಲ ಬಿಸಿಲಿಗೆ ಹಗ್ಗ ಕಟ್ಟಿಸಿದರು. ಟವೆಲ್ ಮರೆತು ಬಂದವರಿಗೆ ಪಕ್ಕದವರು ತಮ್ಮದನ್ನು ಕೊಡುವ ಹಾಗಿಲ್ಲ, ಎಷ್ಟೇ ಸ್ನೇಹವಿದ್ದರೂ.

ಇದರ ನಡುವೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಆ ಆರು ವಾರ ಸೊಸೆಯ ಜತೆ ಡಾಕ್ಟರ ಮನೆ, ಟವೆಲ್ ಅಂಗಡಿ ಎಂದು ಓಡಾಡಿದ ಅತ್ತೆಗೆ ಮನೆಯಲ್ಲಿ ಸುಮ್ಮನೆ ಕೂರುವುದು ಬೇಸರವಾಗತೊಡಗಿತು. ಒಂದು ಮಂಗಳವಾರ, "ನೀನು ದಿನಾ ಅಲ್ಲಿ ಏನು ಮಾಡ್ತೀಯೋ ನೋಡ್ತೀನಿ" ಎಂದು ಜತೆಗೆ ಬಂದರು. ಕುರ್ಚಿ ಹಾಕಿಸಿಕೊಂಡು ಕೂತರು. ಅರ್ಧ ಗಂಟೆಗೆ ಪಾದ ನೀರಿಗೆ ಬಿಟ್ಟರು. ಶುಕ್ರವಾರ ಸೊಸೆಯ ಹಳೆಯ ಈಜುಡುಪು ತೊಟ್ಟು, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸೊಂಟದ ನೀರಲ್ಲಿ ನಿಂತರು. ಮುಖ ಹಣತೆಯ ಹಾಗೆ ಬೆಳಗುತ್ತಿತ್ತು.

"ಅತ್ತೆ, ಇವತ್ತಿಗೆ ಸಾಕು, ಹತ್ತಿ ಬನ್ನಿ."

"ನೀನು ಹತ್ತು ಬೇಕಾದ್ರೆ. ಎಪ್ಪತ್ತಮೂರು ವರ್ಷ ಮೇಲೇ ಇದ್ದೆ, ಇನ್ನೊಂದು ಗಳಿಗೆ ಇಲ್ಲಿರ್ತೀನಿ."

ಈಗ ಮಂಗಳವಾರ, ಶುಕ್ರವಾರ ಅವರು ತಪ್ಪದೆ ಬರುತ್ತಾರೆ. ಈಜಲು ಇನ್ನೂ ಬಂದಿಲ್ಲ. ಕಂಬಿಯ ಉದ್ದಕ್ಕೂ ನೀರಲ್ಲಿ ನಡೆಯುತ್ತ, ಈಜುವ ನಮಗೆಲ್ಲ ತಪ್ಪು ಹೇಳುತ್ತಾರೆ. ಮೇಲೆ ಬಂದ ತಕ್ಷಣ ತಮ್ಮ ಹಳದಿ ಟವೆಲಿನಿಂದ ಬೆರಳ ಸಂದುಗಳನ್ನೂ ಬಿಡದೆ ಒರೆಸಿಕೊಂಡು, ಒಣಬಟ್ಟೆ ಹಾಕಿಕೊಂಡು, ಸೊಸೆಯ ಸ್ಕೂಟರಿನ ಹಿಂದೆ ಕೂತು ಮನೆಗೆ ಹೋಗುತ್ತಾರೆ.